ಯೇಸುವಿನ ‘ಸಹೋದರರು’: ಗ್ರಂಥವೋ, ಪರಂಪರೆಯೋ?

ಯೇಸುವಿಗೆ ಒಡಹುಟ್ಟಿದವರು ಇದ್ದರೇ? ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಸ್ವಂತ ಊರಿನ ಜನ ಯೇಸುವನ್ನು ಮೇರಿಯ ಮಗನೆಂದೂ ಯಾಕೋಬ, ಯೋಸೆ, ಯೂದ, ಸಿಮೋನರ ಸಹೋದರನೆಂದೂ ಗುರುತಿಸುತ್ತಾರೆ. ಸಹೋದರಿಯರ ಪ್ರಸ್ತಾಪವೂ ಅಲ್ಲಿದೆ. ಆದರೆ ಮೇರಿ ಮಾತೆ ಕೊನೆಯವರೆಗೂ ಕನ್ಯೆಯಾಗಿಯೇ ಉಳಿದಳೆಂಬುದು ಕ್ಯಾಥೊಲಿಕರ ನಂಬಿಕೆ. ಎರಡಕ್ಕೂ ಹೊಂದಾಣಿಕೆ ಹೇಗೆ? ಕ್ಯಾಥೊಲಿಕ್ ಧರ್ಮಸಭೆ ಬೈಬಲನ್ನು ಓದುವ ಕ್ರಮವನ್ನು ಅರಿಯಲು ಈ ಪ್ರಶ್ನೆ ಒಳ್ಳೆಯ ದಾರಿ.

ವಿವಾದ ಹಳೆಯದು. ನಾಲ್ಕನೇ ಶತಮಾನದಲ್ಲಿ ಹೆಲ್ವಿಡಿಯಸ್ ಎಂಬಾತ, ಇವರು ಮೇರಿಯ ಮಕ್ಕಳೇ ಎಂದು ವಾದಿಸಿದ. ಸುಮಾರು 383ರಲ್ಲಿ ಸಂತ ಜೆರೋಮ್ ಅದಕ್ಕೆ ಉತ್ತರ ಬರೆದ. ಬೈಬಲಿನಲ್ಲಿ ‘ಸಹೋದರ’ ಎಂಬ ಮಾತಿಗೆ ವಿಶಾಲ ಅರ್ಥವಿದೆ. ಆದಿಕಾಂಡದಲ್ಲಿ ಅಬ್ರಹಾಂ ತಮ್ಮನ ಮಗ ಲೋಟನನ್ನೂ ಹಾಗೆಯೇ ಕರೆಯುತ್ತಾನೆ. ಸುವಾರ್ತೆಯಲ್ಲಿ ಬರುವವರು ಮೇರಿಯ ಸೋದರಿಯ ಮಕ್ಕಳು ಎಂಬುದು ಆತನ ವಾದ. ಚಿಕ್ಕಮ್ಮ, ದೊಡ್ಡಮ್ಮನ ಮಕ್ಕಳನ್ನು ಅಣ್ಣ, ತಮ್ಮ ಎಂದೇ ಕರೆಯುವ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇವರನ್ನು ಜೋಸೆಫನ ಮೊದಲ ಮದುವೆಯ ಮಕ್ಕಳೆಂದು ನಂಬುತ್ತವೆ. ಆದರೆ ಇಂಥ ಬಂಧುತ್ವಕ್ಕೆ ಗ್ರೀಕ್ ಭಾಷೆಯಲ್ಲಿ ಬೇರೆ ಪದವೇ ಇದೆ, ಮಾರ್ಕ ಅದನ್ನು ಬಳಸಿಲ್ಲ ಎನ್ನುವುದು ಎದುರು ಪಕ್ಷದ ಆಕ್ಷೇಪ.

ಬರೀ ಪದಾರ್ಥದಿಂದ ತೀರ್ಮಾನವಾಗದ ಕಡೆ ಕ್ಯಾಥೊಲಿಕರು ಪರಂಪರೆಯತ್ತ ನೋಡುತ್ತಾರೆ. ಪರಂಪರೆಯೆಂದರೆ ಇಲ್ಲಿ ಹಬ್ಬಹರಿದಿನಗಳ ಆಚಾರವಷ್ಟೇ ಅಲ್ಲ. ಪ್ರೇಷಿತರಿಂದ ಬೋಧನೆ, ಪೂಜೆ, ಪ್ರಾರ್ಥನೆಗಳ ಮೂಲಕ ಹರಿದುಬಂದ ನಂಬಿಕೆ. ಸುವಾರ್ತೆಗಳು ಬರಹಕ್ಕೆ ಇಳಿದದ್ದು ಯೇಸುವಿನ ಮರಣದ ಎಷ್ಟೋ ವರ್ಷಗಳ ನಂತರ. ಯಾವ ಪುಸ್ತಕಗಳು ಪವಿತ್ರ ಎಂಬ ಪಟ್ಟಿಯೂ ಬೈಬಲಿನೊಳಗೆ ಇಲ್ಲ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳನ್ನೇ ಹೆಸರಿಸಿದ ಮೊದಲ ಪಟ್ಟಿ ಸಿಗುವುದು 367ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನೇಸಿಯಸ್ ಬರೆದ ಪತ್ರದಲ್ಲಿ. ಗ್ರಂಥವನ್ನು ಗುರುತಿಸಿಕೊಟ್ಟ ಸಮುದಾಯವೇ ಅದರ ಅರ್ಥವನ್ನೂ ಕಾಯಬೇಕು ಎಂಬುದು ಕ್ಯಾಥೊಲಿಕ್ ವಾದದ ತಿರುಳು.

ಹದಿನಾರನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇದನ್ನು ಪ್ರಶ್ನಿಸಿದ. ನಂಬಿಕೆಗೆ ಕೊನೆಯ ಪ್ರಮಾಣ ಗ್ರಂಥವೊಂದೇ ಎಂದ. ಮೇರಿಯ ನಿತ್ಯ ಕನ್ಯತ್ವವನ್ನು ಲೂಥರನೂ ಒಪ್ಪಿದ್ದನೆಂಬುದು ಗಮನಾರ್ಹ. 1546ರಲ್ಲಿ ಟ್ರೆಂಟ್ ಮಹಾಸಭೆ ಗ್ರಂಥ, ಪರಂಪರೆ ಎರಡಕ್ಕೂ ಸಮಾನ ಗೌರವ ಸಲ್ಲಬೇಕೆಂದು ಸಾರಿತು. ಪ್ರೊಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳಿದ್ದರೆ ಕ್ಯಾಥೊಲಿಕರಲ್ಲಿ 73. ಹೆಚ್ಚಿನ ಏಳರಲ್ಲಿ ಒಂದಾದ ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪ್ರಸಂಗವಿದೆ. ಪುಸ್ತಕ ಬಿಟ್ಟರೆ ಆ ಆಚರಣೆಗೆ ಗ್ರಂಥದ ಆಧಾರವೂ ಸಡಿಲವಾಗುತ್ತದೆ.

ಪರಂಪರೆಯ ಹಿಡಿತ ದುಬಾರಿಯಾದದ್ದೂ ಉಂಟು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ವಾದವನ್ನು ವಿರೋಧಿಸಲು 1615ರಲ್ಲಿ ಕಾರ್ಡಿನಲ್ ಬೆಲ್ಲರ್ಮಿನ್ ಟ್ರೆಂಟ್ ಸಭೆಯ ಮಾತನ್ನೇ ಮುಂದಿಟ್ಟರು. 1633ರಲ್ಲಿ ಗೆಲಿಲಿಯೊಗೆ ಶಿಕ್ಷೆಯಾಯಿತು. ಅಂದಿನ ದೈವಶಾಸ್ತ್ರಜ್ಞರು ತಪ್ಪಿದ್ದರೆಂದು ಪೋಪ್ ಎರಡನೇ ಜಾನ್ ಪಾಲ್ ಹೇಳಿದ್ದು 1992ರಲ್ಲಿ.

ಅಷ್ಟರಲ್ಲಿ ಓದುವ ಕ್ರಮವೂ ಬದಲಾಗಿತ್ತು. ಮೂಲ ಭಾಷೆ, ಬರವಣಿಗೆಯ ಪ್ರಕಾರ, ಕಾಲ ಇವನ್ನು ಗಮನಿಸಿಯೇ ಅರ್ಥ ಹೇಳಬೇಕೆಂದು 1943ರಲ್ಲಿ ಪೋಪ್ ಹನ್ನೆರಡನೇ ಪಯಸ್ ಸೂಚಿಸಿದರು. ಅರ್ಥ ನಿರ್ಣಯಿಸುವ ಅಧಿಕಾರ ಧರ್ಮಸಭೆಯ ಗುರುಪೀಠಕ್ಕೆ ಇದೆ, ಆದರೆ ಆ ಪೀಠ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು.

ಇದರ ಫಲ ‘ಸಹೋದರರ’ ಪ್ರಶ್ನೆಯಲ್ಲೂ ಕಾಣುತ್ತದೆ. ಕೇವಲ ಇತಿಹಾಸದ ದೃಷ್ಟಿಯಿಂದ ನೋಡಿದರೆ ಇವರು ಒಡಹುಟ್ಟಿದವರೇ ಆಗಿರುವ ಸಂಭವ ಹೆಚ್ಚು ಎಂದು ಕ್ಯಾಥೊಲಿಕ್ ಪಾದ್ರಿಯೂ ವಿದ್ವಾಂಸರೂ ಆದ ಜಾನ್ ಮೈಯರ್ 1991ರಲ್ಲಿ ಬರೆದರು. ಮರುವರ್ಷ ಹೊರಬಂದ ಧರ್ಮಸಭೆಯ ಅಧಿಕೃತ ಧರ್ಮೋಪದೇಶವಾದರೋ ಹಳೆಯ ನಿಲುವನ್ನೇ ಎತ್ತಿಹಿಡಿಯಿತು. ಇತಿಹಾಸಕಾರ ಏನು ಹೇಳಬಲ್ಲ, ಭಕ್ತ ಏನು ನಂಬುತ್ತಾನೆ ಎಂಬ ಎರಡು ಪ್ರಶ್ನೆಗಳೂ ಹೀಗೆ ಒಂದೇ ಸಭೆಯೊಳಗೆ ಜೊತೆಜೊತೆಯಾಗಿ ಉಳಿದಿವೆ.