ಹಳೆಯ ಡೀಸೆಲ್ ಗಾಡಿ ನಿಂತರೆ ಮೊದಲು ಎಣ್ಣೆಯ ದಾರಿ ನೋಡಿ

ಮಾಲು ಹೇರಿಕೊಂಡು ಪೇಟೆಗೆ ಹೊರಟ ಗಾಡಿ ನಡುದಾರಿಯಲ್ಲಿ ನಿಂತರೆ ರೈತನಿಗಾಗುವ ನಷ್ಟವು ರಿಪೇರಿಯ ಖರ್ಚಿನಲ್ಲಿ ಮುಗಿಯುವುದಿಲ್ಲ. ಬೆಳಗಿನ ಹರಾಜು ತಪ್ಪುತ್ತದೆ; ಸೊಪ್ಪು ತರಕಾರಿ ಬಾಡುತ್ತದೆ; ಮರುದಿನ ದಲ್ಲಾಳಿ ಹೇಳಿದ್ದೇ ಬೆಲೆಯಾಗುತ್ತದೆ. ಗಡಿನಾಡಿನ ಹಳ್ಳಿಗಳಲ್ಲಿ ಈ ಪಾಡು ಇನ್ನೂ ಹೆಚ್ಚು. ತಾಳವಾಡಿಯವರು ಸತ್ಯಮಂಗಲಕ್ಕೆ ಹೋಗಿಬರಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಲೇಬೇಕು. ಅಂಥ ಕಡೆ ಇಂಜಿನ್ ಉಸಿರು ಕಟ್ಟಿದರೆ ಮೇಸ್ತ್ರಿಯನ್ನು ಎಲ್ಲಿಂದ ಕರೆತರುವುದು?

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಅಂಥ ಡೀಸೆಲ್ ಕಾರನ್ನೋ ಹಳೆಯ ಜೀಪನ್ನೋ ಮನೆಯ ಎತ್ತಿನಂತೆ ಸಾಕಿಕೊಂಡು ಬಂದವರಿದ್ದಾರೆ. ಇಂಥ ಗಾಡಿ ಕೆಟ್ಟೊಡನೆ ‘ಪಂಪು ಹೋಯಿತು’ ಎಂದು ಬಿಚ್ಚಿಸುವುದು ರೂಢಿ. ಪಂಪಿನ ರಿಪೇರಿಯೋ ಕೈ ಸುಡುವಂಥದು. ಆದರೆ ಬಹಳ ಸಲ ದೋಷವಿರುವುದು ಹತ್ತಾರು ರೂಪಾಯಿಯ ವಾಷರಿನಲ್ಲಿ, ಬಿರಿದ ರಬ್ಬರ್ ಪೈಪಿನಲ್ಲಿ ಅಥವಾ ಕಟ್ಟಿದ ಫಿಲ್ಟರಿನಲ್ಲಿ. ಆದ್ದರಿಂದ ಅಗ್ಗದ ಕಡೆಯಿಂದ ಆರಂಭಿಸಿ ದುಬಾರಿಯ ಕಡೆಗೆ ಹೋಗುವುದು ಜಾಣತನ.

ಎಣ್ಣೆ ಸಾಗುವ ದಾರಿ

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನ ತತ್ತ್ವವೇ ಇಂದಿಗೂ ಇರುವುದು: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಆ ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಒತ್ತಡ ಹಳೆಯ ಇಂಜಿನ್ನುಗಳಲ್ಲಿಯೂ ವಾಯುಭಾರದ ನೂರು ಪಟ್ಟಿಗಿಂತ ಹೆಚ್ಚು.

ಟ್ಯಾಂಕಿನಿಂದ ಹೊರಟ ಡೀಸೆಲ್ಲು ಒಳಗಿನ ಜಾಲರಿಯನ್ನು ದಾಟಿ ಫೀಡ್ ಪಂಪಿಗೆ ಬರುತ್ತದೆ. ಅಲ್ಲಿಂದ ಫಿಲ್ಟರು, ಅನಂತರ ದೊಡ್ಡ ಪಂಪು, ಅನಂತರ ಉಕ್ಕಿನ ಸಣ್ಣ ಪೈಪುಗಳು, ಕೊನೆಗೆ ಇಂಜೆಕ್ಟರು. ಉಳಿದ ಎಣ್ಣೆ ಟ್ಯಾಂಕಿಗೆ ಮರಳುತ್ತದೆ. ಈ ದಾರಿಗೆ ಶತ್ರುಗಳು ಮೂರು: ಗಾಳಿ, ನೀರು ಮತ್ತು ಕಸ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿತೆಂದರೆ ಪಂಪು ಎಷ್ಟು ಒತ್ತಿದರೂ ಆ ಗಾಳಿ ಕುಗ್ಗಿ ಹಿಗ್ಗುವುದೇ ಹೊರತು ಇಂಜೆಕ್ಟರು ತೆರೆಯುವುದಿಲ್ಲ. ಇದನ್ನೇ ‘ಏರ್ ಹಿಡಿಯಿತು’ ಎನ್ನುವುದು.

ಹೊಗೆ ಏನು ಹೇಳುತ್ತದೆ?

ಸೆಲ್ಫ್ ಹೊಡೆಯುವಾಗ ಒಬ್ಬರು ಹಿಂದೆ ನಿಂತು ಸೈಲೆನ್ಸರನ್ನು ನೋಡಬೇಕು. ಬಿಳಿಯ ಹೊಗೆ ಬಂದರೆ ಎಣ್ಣೆ ಒಳಗೆ ತಲುಪಿದೆ, ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ಗು, ಬ್ಯಾಟರಿ, ಕಂಪ್ರೆಷನ್ ಇವುಗಳನ್ನು ನೋಡತಕ್ಕದ್ದು. ಹೊಗೆಯೇ ಇಲ್ಲದಿದ್ದರೆ ಎಣ್ಣೆ ಬರುತ್ತಿಲ್ಲ. ಏರಿನಲ್ಲಿ ಕಪ್ಪು ಹೊಗೆ ಬಂದರೆ ಎಣ್ಣೆಯ ಕೊರತೆಯಲ್ಲ, ಗಾಳಿಯ ಕೊರತೆ ಇರಬಹುದು. ಏರ್ ಫಿಲ್ಟರನ್ನು ಮೊದಲು ನೋಡಿ.

ಬೀಗದ ಕೈಯಿಂದ ನಿಲ್ಲಿಸುವ ಗಾಡಿಯಾದರೆ ಇನ್ನೊಂದು ಮಾತು. ಪಂಪಿನ ಮೇಲೆ ಎಣ್ಣೆ ಕಡಿಯುವ ಸೊಲೆನಾಯ್ಡ್ ಇರುತ್ತದೆ. ಕೀ ತಿರುಗಿಸಿದಾಗ ಅದು ‘ಟಿಕ್’ ಎನ್ನಬೇಕು. ಸದ್ದಿಲ್ಲದಿದ್ದರೆ ತಂತಿ ಸಡಿಲವಾಗಿದೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಿ.

ಲಕ್ಷಣದಿಂದ ರೋಗ

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸತಾಯಿಸಿ, ಒಮ್ಮೆ ಹೊರಟ ಮೇಲೆ ದಿನವಿಡೀ ಸರಿಯಾಗಿ ಓಡಿದರೆ, ಎಲ್ಲೋ ಗಾಳಿ ನುಸುಳಿ ಎಣ್ಣೆ ಟ್ಯಾಂಕಿಗೆ ಇಳಿದುಹೋಗುತ್ತಿದೆ. ಸ್ಟಾರ್ಟ್ ಆಗಿ ಕೂಡಲೇ ನಿಂತರೂ ಇದೇ ಸಂಶಯ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಭಾರ ಬಿದ್ದಾಗ ಸೋತರೆ ಫಿಲ್ಟರೋ ಟ್ಯಾಂಕಿನ ಜಾಲರಿಯೋ ಕಟ್ಟಿದೆ. ಕೆಲವು ಮೈಲಿ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುವುದಾದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ‘ಸುಯ್’ ಎಂದು ಗಾಳಿ ಒಳಕ್ಕೆ ಹೋದರೆ ಗಾಳಿಕಂಡಿ ಮುಚ್ಚಿಕೊಂಡಿದೆಯೆಂದು ತಿಳಿಯಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.

ಗಾಳಿ ಎಲ್ಲಿಂದ?

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಎಣ್ಣೆಯನ್ನು ಹೀರುವ ಪೈಪು. ಇಲ್ಲಿ ಸೀಳಿದ್ದರೆ ಗಾಡಿ ಓಡುವಾಗ ಎಣ್ಣೆ ಹೊರಗೆ ತೊಟ್ಟಿಕ್ಕುವುದಕ್ಕಿಂತ ಗಾಳಿ ಒಳಗೆ ನುಗ್ಗುವುದೇ ಹೆಚ್ಚು. ಆದ್ದರಿಂದ ‘ಎಲ್ಲಿಯೂ ಸೋರಿಲ್ಲ’ ಎಂದು ಸುಮ್ಮನಿರಕೂಡದು. ಫೀಡ್ ಪಂಪಿನ ಬಾಯಿಗೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಇಂಜಿನ್ ನಡೆಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಇದಕ್ಕಿಂತಲೂ ಖಚಿತವಾದ ಪರೀಕ್ಷೆಯೊಂದುಂಟು. ಶುಚಿಯಾದ ಡಬ್ಬದಲ್ಲಿ ಸೋಸಿದ ಡೀಸೆಲ್ ತುಂಬಿ, ಇಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿಟ್ಟು, ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಡಿ. ಮರಳುವ ಪೈಪನ್ನೂ ಅದೇ ಡಬ್ಬಕ್ಕೆ ಬಿಡಿ. ಗಾಳಿ ತೆಗೆದ ಮೇಲೆ ಇಂಜಿನ್ ಸರಾಗವಾಗಿ ನಡೆದರೆ ರೋಗ ಟ್ಯಾಂಕಿನ ಕಡೆಗಿದೆ, ಪಂಪು ನಿರಪರಾಧಿ. ಹಾಗೆಯೇ ನಡುಗಿದರೆ ರೋಗ ಮುಂದಿದೆ. ಪೈಪು ಫ್ಯಾನಿಗೆ ತಾಗಬಾರದು. ಹತ್ತಿರ ಬೀಡಿ, ಬೆಂಕಿ ಕೂಡದು.

ರೋಗ ಟ್ಯಾಂಕಿನ ಕಡೆಗೆಂದು ಗೊತ್ತಾದರೆ ಮುಚ್ಚಳ ತೆಗೆದು, ಬಿಚ್ಚಿದ ಪೈಪಿಗೆ ಟೈರಿಗೆ ಗಾಳಿ ಹಾಕುವ ಪಂಪಿನಿಂದ ಊದಿ. ಟ್ಯಾಂಕಿನಲ್ಲಿ ಗುಳುಗುಳು ಎಂದರೆ ದಾರಿ ತೆರೆಯಿತು. ನಾಲ್ಕು ದಿನಕ್ಕೆ ಮತ್ತೆ ಕಟ್ಟಿದರೆ ಟ್ಯಾಂಕನ್ನೇ ಇಳಿಸಿ ತೊಳೆಯಬೇಕು.

ಫೀಡ್ ಪಂಪು ಮತ್ತು ಫಿಲ್ಟರು

ಫೀಡ್ ಪಂಪಿನ ಕೈಗುಂಡಿಯನ್ನು ಒತ್ತುತ್ತ ಹೋದರೆ ಸ್ವಲ್ಪದರಲ್ಲೇ ಬಿಗಿಯಾಗಬೇಕು. ಹಾಗಾಗದಿದ್ದರೆ ಗಾಳಿ ಸೇರಿದೆ ಅಥವಾ ಒಳಗಿನ ವಾಲ್ವು ಸೋತಿದೆ. ಡಯಾಫ್ರಮ್ ಮಾದರಿಯ ಪಂಪಾದರೆ ಇಂಜಿನ್ ಆಯಿಲಿನ ಮಟ್ಟವನ್ನೂ ನೋಡಿ. ಆಯಿಲು ತಾನಾಗಿ ಏರಿ, ತೆಳ್ಳಗಾಗಿ, ಡೀಸೆಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿರಬಹುದು. ಆ ಸ್ಥಿತಿಯಲ್ಲಿ ಇಂಜಿನ್ ಓಡಿಸಕೂಡದು, ಬೇರಿಂಗು ಸುಟ್ಟೀತು.

ಫಿಲ್ಟರಿನ ಕೆಳಗಿನ ತಿರುಪಿನಿಂದ ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಬಿಡಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ. ಕಪ್ಪು ಲೋಳೆ ಕಂಡರೆ ನೀರಿದ್ದ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರಬೇಕು. ಕಾಸರಗೋಡಿನಂಥ ಮಳೆನಾಡಿನಲ್ಲಿ ಅರೆಬರೆ ತುಂಬಿದ ಟ್ಯಾಂಕಿನ ಗೋಡೆಗೆ ತಂಪಿನಲ್ಲಿ ನೀರಹನಿ ಕೂರುತ್ತದೆ. ಅಲ್ಲಿನವರು ಮಳೆಗಾಲದಲ್ಲಿ ಟ್ಯಾಂಕು ತುಂಬಿಟ್ಟರೆ ಒಳಿತು.

ಗಾಳಿ ತೆಗೆಯುವ ಕ್ರಮ

ಮೊದಲು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಬರಿಯ ಎಣ್ಣೆ ಬರುವವರೆಗೆ ಕೈಪಂಪು ಒತ್ತಿ, ಒತ್ತುತ್ತಿರುವಂತೆಯೇ ಬಿಗಿಯಿರಿ. ಅನಂತರ ದೊಡ್ಡ ಪಂಪಿನ ತಿರುಪು. ಕೊನೆಗೆ ಇಂಜೆಕ್ಟರುಗಳ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆದು, ಎಣ್ಣೆ ಕಂಡಂತೆ ಒಂದೊಂದನ್ನೇ ಬಿಗಿಯಬೇಕು. ಬಿಚ್ಚಿದ ತಾಮ್ರದ ವಾಷರನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಿ.

ಇಂಜಿನ್ ಕುಂಟುತ್ತಿದ್ದರೆ ನಿಧಾನ ವೇಗದಲ್ಲಿರುವಾಗ ಒಂದೊಂದೇ ಇಂಜೆಕ್ಟರಿನ ನಟ್ಟು ಸಡಿಲಿಸಿ ನೋಡಿ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಕೆಲಸ ಮಾಡುತ್ತಿಲ್ಲ. ಇಂಜೆಕ್ಟರಿನ ತುದಿಯ ಸಿಂಪರಣೆಗೆ ಎಂದೂ ಕೈಯೊಡ್ಡಬೇಡಿ. ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಇದರ ಹತ್ತು ಪಟ್ಟಿಗೂ ಮೀರಿರುತ್ತದೆ. ಅವುಗಳ ಪೈಪನ್ನು ಮುಟ್ಟಲೇಬಾರದು.

ಇಷ್ಟೆಲ್ಲ ನೋಡಿದ ಮೇಲೂ ದೋಷ ಉಳಿದರೆ ಮಾತ್ರ ಪಂಪನ್ನು ಪರೀಕ್ಷಾ ಯಂತ್ರವಿರುವ ಅಂಗಡಿಗೆ ಒಯ್ಯತಕ್ಕದ್ದು. ಕೂದಲೆಳೆಗಿಂತ ಸೂಕ್ಷ್ಮವಾಗಿ ಹೊಂದಿಸಿದ ಅದರ ಭಾಗಗಳನ್ನು ಮನೆಯಲ್ಲಿ ಬಿಚ್ಚುವುದು ಸಲ್ಲದು. ಅಗ್ಗವೆಂದು ಸೀಮೆಎಣ್ಣೆ ಬೆರೆಸುವವರೂ ಯೋಚಿಸಬೇಕು. ರೋಟರಿ ಪಂಪಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ.

ಒಂದು ಫಿಲ್ಟರು, ನಾಲ್ಕು ತಾಮ್ರದ ವಾಷರು, ಒಂದು ಮೊಳ ಡೀಸೆಲ್ ಪೈಪು, ಎರಡು ಕ್ಲಿಪ್ಪು, ಎರಡು ಸ್ಪ್ಯಾನರು ಇಷ್ಟನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಸುಗ್ಗಿಗೆ ಮುಂಚೆ ಒಮ್ಮೆ ಈ ದಾರಿಯನ್ನೆಲ್ಲ ಪರೀಕ್ಷಿಸಿಕೊಂಡ ರೈತ ಬಾಂಧವರು ಘಾಟಿಯ ನಡುವೆ ನಿಂತು ಮಾಲು ಬಾಡುವುದನ್ನು ನೋಡಬೇಕಾಗಿ ಬರುವುದು ಅಪರೂಪ.