ಸುಟ್ಟುಹೋದ ಅಡಾಪ್ಟರ್‌ಗೆ ಬದಲಿ: ಗ್ರಾಹಕರ ಗಮನಕ್ಕೆ

ಮೋಡೆಮ್, ಮಾನಿಟರ್ ಮುಂತಾದ ಉಪಕರಣಗಳ ಅಡಾಪ್ಟರ್ ಸುಟ್ಟುಹೋದಲ್ಲಿ, ಪಿನ್ನು ಹೊಂದುತ್ತದೆಂಬ ಒಂದೇ ಕಾರಣಕ್ಕೆ ಬೇರೊಂದನ್ನು ಜೋಡಿಸಬಾರದು. ಇದರಿಂದ ಉಪಕರಣ ಹಾಳಾಗಬಹುದು. ಬೆಂಕಿ ಅನಾಹುತವೂ ಸಂಭವಿಸಬಹುದು. ಹಳೆಯ ಅಡಾಪ್ಟರ್‌ನ ಮೇಲೆ ‘ಔಟ್‌ಪುಟ್’ ಎಂದು ಮುದ್ರಿತವಾಗಿರುವ ವಿವರಗಳೊಂದಿಗೆ ಹೊಸದನ್ನು ಈ ಕೆಳಕಂಡಂತೆ ಹೋಲಿಸಿ ನೋಡತಕ್ಕದ್ದು.

1. ವೋಲ್ಟೇಜ್: ಹಳೆಯದರಷ್ಟೇ ಇರಬೇಕು. 12 ವೋಲ್ಟ್‌ಗೆ ಬದಲಾಗಿ 19 ವೋಲ್ಟ್ ಸಲ್ಲದು.
2. ಆಂಪಿಯರ್: ಸಮ ಅಥವಾ ಹೆಚ್ಚಿರಬಹುದು, ಉಪಕರಣವು ತನಗೆ ಅಗತ್ಯವಿರುವಷ್ಟನ್ನೇ ಪಡೆಯುತ್ತದೆ. ಕಡಿಮೆಯಿದ್ದಲ್ಲಿ ಅಡಾಪ್ಟರ್ ಕಾದು ಪುನಃ ಸುಡಬಹುದು.
3. ಎ.ಸಿ. ಅಥವಾ ಡಿ.ಸಿ. ಎಂಬ ನಮೂದು ಹಾಗೂ ಪಿನ್ನಿನ ಧನ-ಋಣ ಗುರುತು ಒಂದೇ ಆಗಿರಬೇಕು.
4. ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇರಬೇಕು. ಇದನ್ನು ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಖರೀದಿಯ ರಸೀದಿಯನ್ನು ತಪ್ಪದೇ ಪಡೆಯತಕ್ಕದ್ದು. ದೂರುಗಳಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.