ವಾಹನ ನಿಲ್ಲಿಸಲು ಜಾಗವೆಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಹಳೆಯ ಪೇಟೆಯೊಂದರಲ್ಲಿ ಬೆಳಗಿನ ವ್ಯಾಪಾರದ ದೃಶ್ಯಗಳನ್ನು ನಮ್ಮ ತಂಡ ಚಿತ್ರೀಕರಿಸಬೇಕಾಗಿತ್ತು. ಎಂಟೂವರೆಗೇ ಅಲ್ಲಿಗೆ ತಲುಪಿದೆವು. ಆದರೆ ಕ್ಯಾಮೆರಾ, ದೀಪ, ಕೇಬಲ್ಲುಗಳನ್ನು ತುಂಬಿಕೊಂಡ ವ್ಯಾನನ್ನು ನಿಲ್ಲಿಸಲು ಜಾಗವೇ ಸಿಗಲಿಲ್ಲ. ಚಾಲಕರು ಅದೇ ನಾಲ್ಕು ಬೀದಿಗಳನ್ನು ಐದಾರು ಬಾರಿ ಸುತ್ತಿದರು. ಕೊನೆಗೂ ಸಾಮಾನು ಇಳಿಸುವ ಹೊತ್ತಿಗೆ ನಮಗೆ ಬೇಕಾಗಿದ್ದ ಎಳೆಬಿಸಿಲು ಹೋಗಿಬಿಟ್ಟಿತ್ತು. ಆ ಪೇಟೆಯಿಂದ ಐದು ನಿಮಿಷ ನಡೆದರೆ ಒಂದು ನಿಲುಗಡೆ ಕಟ್ಟಡವಿದೆ, ಅದರ ಎರಡು ಮಹಡಿಗಳು ಅಂದು ಖಾಲಿ ಇದ್ದವು ಎಂಬುದು ಅನಂತರ ತಿಳಿಯಿತು. ಬೀದಿಯಲ್ಲಿ ನಿಲ್ಲಿಸಿದರೆ ಕಾಸಿಲ್ಲ, ಕಟ್ಟಡದೊಳಗೆ ಹೋದರೆ ಗಂಟೆಗಿಷ್ಟು ಎಂದು ಕೊಡಬೇಕು. ಹಾಗಿರುವಾಗ ಒಳಗೆ ಹೋಗುವವರು ಯಾರು?

ವಾಹನಗಳು ಹೆಚ್ಚಾದವು, ಜಾಗ ಕಡಿಮೆಯಾಯಿತು ಎಂದು ನಾವೆಲ್ಲ ಹೇಳುತ್ತೇವೆ. ಅದು ನಿಜವೇ. ಆದರೆ ಒಂದು ಕಡೆ ತುಂಬಿ ತುಳುಕುವ ಬೀದಿ, ಪಕ್ಕದಲ್ಲೇ ಖಾಲಿ ಮಹಡಿ, ಇವೆರಡೂ ಒಟ್ಟಿಗೆ ಇರುವುದಕ್ಕೆ ಈ ಕಾರಣ ಸಾಲದು. ಬೀದಿಯ ಜಾಗವನ್ನು ಒಬ್ಬರು ನೋಡಿಕೊಳ್ಳುತ್ತಾರೆ, ಕಟ್ಟಡವನ್ನು ಇನ್ನೊಬ್ಬರು. ದಂಡ ಹಾಕುವವರು ಬೇರೆ, ದರ ನಿಗದಿ ಮಾಡುವವರು ಬೇರೆ. ಇವನ್ನೆಲ್ಲ ಒಂದೇ ಕೈಗೆ ಕೊಟ್ಟರೆ ಏನಾಗುತ್ತದೆ? ಹಾಗೆ ಕೊಟ್ಟು ನೋಡಿದ ಊರುಗಳಿವೆ. ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ಅಂಕಿ ಅಂಶಗಳಿಗೆ ಬಿಡುವು ಸಿಗುವುದಿಲ್ಲ. ಆದ್ದರಿಂದ ಅವನ್ನು ಇಲ್ಲಿ ನೋಡೋಣ.

ಮೊದಲು ಸ್ವಲ್ಪ ಗಣಿತ. ಒಂದು ಬೀದಿಯ ಒಂದು ಬದಿಯಲ್ಲಿ ಎಂಟು ಕಾರು ನಿಲ್ಲುವಷ್ಟು ಜಾಗವಿದೆ ಎಂದುಕೊಳ್ಳಿ. ಪ್ರತಿಯೊಂದು ಜಾಗವೂ ಸರಾಸರಿ ಶೇಕಡಾ 70ರಷ್ಟು ಸಮಯ ತುಂಬಿರುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದೂ ಇಟ್ಟುಕೊಳ್ಳಿ. ನೀವು ಅಲ್ಲಿಗೆ ಬಂದಾಗ ಎಂಟೂ ತುಂಬಿರುವ ಸಂಭವವೆಷ್ಟು? 0.70 ಅನ್ನು ಎಂಟು ಸಲ ಗುಣಿಸಿ. ಶೇಕಡಾ 6ಕ್ಕೂ ಕಡಿಮೆ ಬರುತ್ತದೆ. 70ರ ಬದಲು 85 ಎಂದರೆ ಶೇಕಡಾ 27. 95 ಎಂದರೆ ಶೇಕಡಾ 66! ಅಂದರೆ 85ರಿಂದ 95ಕ್ಕೆ, ಬರೀ ಹತ್ತು ಅಂಶ ಏರಿದರೆ ಸಾಕು, ನಾಲ್ಕರಲ್ಲಿ ಒಮ್ಮೆ ನಿರಾಶರಾಗುತ್ತಿದ್ದವರು ಮೂರರಲ್ಲಿ ಎರಡು ಸಲ ನಿರಾಶರಾಗುತ್ತಾರೆ. ನಿಜವಾದ ಬೀದಿ ಇಷ್ಟು ಸರಳವಲ್ಲ, ಆದರೂ ತಿರುಳು ಇದೇ. ತೊಂದರೆ ಮೆಲ್ಲಮೆಲ್ಲಗೆ ಬೆಳೆಯುವುದಿಲ್ಲ, ಕೊನೆಯ ಕೆಲವು ಜಾಗಗಳು ತುಂಬುವಾಗ ಏಕಾಏಕಿ ಎರಗುತ್ತದೆ. ಪರಿಹಾರವೂ ಅಲ್ಲೇ ಇದೆ. ಎಲ್ಲ ಕಾರುಗಳನ್ನೂ ಓಡಿಸಬೇಕಾಗಿಲ್ಲ, ಎಂಟರಲ್ಲಿ ಒಂದು ಪಕ್ಕದ ಕಟ್ಟಡಕ್ಕೆ ಹೋದರೆ ಸಾಕು.

ಜಾಗ ಸಿಗದವರು ಏನು ಮಾಡುತ್ತಾರೆ? ನಮ್ಮ ವ್ಯಾನಿನಂತೆ ಸುತ್ತುತ್ತಾರೆ. ಈ ಸುತ್ತಾಟವನ್ನು ಲೆಕ್ಕ ಹಾಕಿದವರು ಡೊನಾಲ್ಡ್ ಶೂಪ್, ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. 2025ರಲ್ಲಿ ತೀರಿಕೊಂಡ ಇವರು ತಮ್ಮ ಜೀವಮಾನದ ಬಹುಭಾಗವನ್ನು ಈ ಒಂದೇ ವಿಷಯಕ್ಕೆ ಕೊಟ್ಟವರು. ತಮ್ಮ ವಿಶ್ವವಿದ್ಯಾನಿಲಯದ ಪಕ್ಕದ ವೆಸ್ಟ್‌ವುಡ್ ವಿಲೇಜ್ ಎಂಬ ಹದಿನೈದು ಬೀದಿಕಟ್ಟಿನ ಅಂಗಡಿ ಬಡಾವಣೆಯಲ್ಲಿ ಅವರು ಅಳತೆ ಮಾಡಿದರು. ಅಲ್ಲಿದ್ದ ಮೀಟರು ಜಾಗಗಳು 470. ಜಾಗ ಹುಡುಕಲು ಒಂದು ಕಾರಿಗೆ ಸರಾಸರಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತಿತ್ತು. ಮೂರು ನಿಮಿಷ ಎಂದರೆ ಏನು ಮಹಾ ಎನ್ನಬೇಡಿ. ವರ್ಷಕ್ಕೆ ಒಟ್ಟುಗೂಡಿಸಿದಾಗ ಸುಮಾರು 9.5 ಲಕ್ಷ ಮೈಲಿ, ಅಂದರೆ 15 ಲಕ್ಷ ಕಿಲೋಮೀಟರಿಗೂ ಹೆಚ್ಚಿನ ವ್ಯರ್ಥ ಓಡಾಟವಾಯಿತು. ಭೂಮಿಯನ್ನು 38 ಬಾರಿ ಸುತ್ತಿದಷ್ಟು! ಎಲ್ಲಿಗೂ ತಲುಪಬೇಕಾಗಿಲ್ಲದ ಓಡಾಟ.

ಬೀದಿಬದಿಯ ಜಾಗಕ್ಕೆ ಹಣ ಪಡೆಯುವುದು ಹೊಸದೇನಲ್ಲ. ಮೊದಲ ನಿಲುಗಡೆ ಮೀಟರನ್ನು ನೆಟ್ಟದ್ದು 1935ರ ಜುಲೈನಲ್ಲಿ, ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ. ಗಂಟೆಗೆ ಐದು ಸೆಂಟು. ಹೊಸ ಹೊಳಹು ಬಂದದ್ದು ಬಹಳ ತಡವಾಗಿ, ಅದೂ ಸಾನ್ ಫ್ರಾನ್ಸಿಸ್ಕೊದಲ್ಲಿ.

ಆ ಊರಿನಲ್ಲಿ ಮೊದಲು ಬಸ್ಸು ಮತ್ತು ಟ್ರಾಮುಗಳಿಗೆ ಒಂದು ಇಲಾಖೆ, ನಿಲುಗಡೆ ಮತ್ತು ಸಂಚಾರಕ್ಕೆ ಇನ್ನೊಂದು ಇಲಾಖೆ ಇತ್ತು. 1999ರಲ್ಲಿ ಮತದಾರರು ನಗರದ ಸನ್ನದನ್ನೇ ತಿದ್ದಿ ಒಂದು ಸಾರಿಗೆ ಸಂಸ್ಥೆಯನ್ನು ರಚಿಸಿದರು. 2002ರಲ್ಲಿ ನಿಲುಗಡೆ ಇಲಾಖೆಯೂ ಅದರೊಳಗೆ ಸೇರಿತು. ಬಸ್ಸು, ಟ್ರಾಮು, ಸಿಗ್ನಲ್ಲು, ಬೀದಿಯ ಮೀಟರು, ನಗರದ ನಿಲುಗಡೆ ಕಟ್ಟಡಗಳು, ಎಲ್ಲವೂ ಒಂದೇ ಆಡಳಿತದ ಕೆಳಗೆ ಬಂದವು. (ಅಲ್ಲಿ ಈ ಕಟ್ಟಡಗಳಿಗೆ ಗ್ಯಾರೇಜು ಎನ್ನುತ್ತಾರೆ. ನಮ್ಮಲ್ಲಿ ಗ್ಯಾರೇಜು ಎಂದರೆ ಮೆಕ್ಯಾನಿಕ್ಕು, ಗ್ರೀಸು. ಹಾಗಾಗಿ ನಾನು ಕಟ್ಟಡ ಎಂದೇ ಬರೆಯುತ್ತಿದ್ದೇನೆ.)

ಕಾಗದದ ಮೇಲೆ ಇಲಾಖೆಗಳನ್ನು ಕೂಡಿಸುವುದು ಸುಲಭ. ಕೂಡಿಸಿದ್ದರಿಂದ ಏನು ಮಾಡಲು ಸಾಧ್ಯವಾಯಿತು ಎಂಬುದೇ ಮುಖ್ಯ. 2011ರಲ್ಲಿ ಆ ಸಂಸ್ಥೆ 'ಎಸ್‌ಎಫ್‌ಪಾರ್ಕ್' ಎಂಬ ಪ್ರಯೋಗವನ್ನು ಪ್ರಾರಂಭಿಸಿತು. ಸುಮಾರು 7,000 ಬೀದಿ ಜಾಗಗಳು, ನಗರದ ಕಟ್ಟಡಗಳಲ್ಲಿನ 12,000ಕ್ಕೂ ಹೆಚ್ಚು ಜಾಗಗಳು ಇದರಲ್ಲಿ ಸೇರಿದ್ದವು. ರಸ್ತೆಯೊಳಗೆ ಹುದುಗಿಸಿದ ಪುಟ್ಟ ಸಂವೇದಕಗಳು ಕಾರು ಇದೆಯೋ ಇಲ್ಲವೋ ಎಂದು ತಿಳಿಸುತ್ತಿದ್ದವು.

ನಿಯಮ ಬಹಳ ಸರಳವಾಗಿತ್ತು. ಒಂದು ಬೀದಿಕಟ್ಟು ಶೇಕಡಾ 80ಕ್ಕಿಂತ ಹೆಚ್ಚು ತುಂಬಿದ್ದರೆ ಗಂಟೆಯ ದರ 25 ಸೆಂಟು ಏರುತ್ತಿತ್ತು. 60ರಿಂದ 80ರ ನಡುವೆ ಇದ್ದರೆ ಹಾಗೆಯೇ ಉಳಿಯುತ್ತಿತ್ತು. ಅದಕ್ಕಿಂತ ಕಡಿಮೆಯಾದರೆ ದರವೂ 25 ಸೆಂಟು ಇಳಿಯುತ್ತಿತ್ತು, ಶೇಕಡಾ 30ಕ್ಕಿಂತ ಕೆಳಗೆ ಹೋದರೆ 50 ಸೆಂಟು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತಿಗೆ ಮೂರು ದರ. ಕೆಲವು ವಾರಗಳಿಗೊಮ್ಮೆ ಪರಿಷ್ಕರಣೆ. ಆಗ ಮೇಲಿನ ಮಿತಿ ಗಂಟೆಗೆ 6 ಡಾಲರು, ಕೆಳಗಿನ ಮಿತಿ 25 ಸೆಂಟು ಇತ್ತು. ಇದೇ ಹೊತ್ತಿಗೆ ಕಟ್ಟಡಗಳ ದರವನ್ನೂ ಎಷ್ಟು ತುಂಬಿದೆ ಎಂಬುದನ್ನು ನೋಡಿ ತಿದ್ದಿದರು. ನಿಮ್ಮ ಮನೆಯ ಫ್ರಿಜ್ಜಿನಲ್ಲಿರುವ ಥರ್ಮೋಸ್ಟಾಟನ್ನು ನೆನಪಿಸಿಕೊಳ್ಳಿ. ಅದು ಉಷ್ಣತೆಯನ್ನು ನೋಡಿ ಯಂತ್ರವನ್ನು ನಡೆಸುತ್ತದೆ ಅಥವಾ ನಿಲ್ಲಿಸುತ್ತದೆ. ಇಲ್ಲಿ ಉಷ್ಣತೆಯ ಜಾಗದಲ್ಲಿ ತುಂಬಿರುವ ಪ್ರಮಾಣ, ಯಂತ್ರದ ಜಾಗದಲ್ಲಿ ದರ.

ಬೀದಿ ಮತ್ತು ಕಟ್ಟಡ ಬೇರೆ ಬೇರೆಯವರ ಕೈಯಲ್ಲಿದ್ದಿದ್ದರೆ ಹೀಗೆ ಮಾಡಲು ಆಗುತ್ತಿತ್ತೇ? ಕಟ್ಟಡದವನಿಗೆ ದಿನವಿಡೀ ನಿಲ್ಲಿಸುವ ಕಚೇರಿ ನೌಕರ ಸಿಕ್ಕರೆ ನೆಮ್ಮದಿ. ಬೀದಿಯ ಅಧಿಕಾರಿಗೆ ಕಟ್ಟಡ ಖಾಲಿಯಾದರೂ ಚಿಂತೆಯಿಲ್ಲ. ಹದಿನೈದು ನಿಮಿಷಕ್ಕೆ ಔಷಧಿ ಕೊಳ್ಳಲು ಬಂದವರಿಗೆ ಬೀದಿ, ನಾಲ್ಕು ಗಂಟೆ ಇರುವವರಿಗೆ ಕಟ್ಟಡ ಎಂದು ಹಂಚುವ ಕೆಲಸ ಇಬ್ಬರದೂ ಅಲ್ಲ. ಅದು ಎರಡರ ಬೆಲೆಯನ್ನೂ ಒಟ್ಟಿಗೆ ನೋಡುವವರಿಂದ ಮಾತ್ರ ಆಗುವ ಕೆಲಸ.

ಪ್ರಯೋಗದ ವರದಿ 2014ರಲ್ಲಿ ಪ್ರಕಟವಾಯಿತು. ಜನರೆಲ್ಲ ದರ ಏರುತ್ತದೆ ಎಂದುಕೊಂಡಿದ್ದರು. ಆದರೆ ಮೀಟರಿನ ಸರಾಸರಿ ದರ ಗಂಟೆಗೆ 11 ಸೆಂಟು, ಅಂದರೆ ಶೇಕಡಾ 4ರಷ್ಟು ಇಳಿದಿತ್ತು. ಕಟ್ಟಡಗಳ ದರ ಶೇಕಡಾ 12ರಷ್ಟು ಇಳಿದಿತ್ತು. ಜನಜಂಗುಳಿಯ ಕೆಲವು ಬೀದಿಕಟ್ಟುಗಳಲ್ಲಿ ಏರಿದ್ದು ನಿಜ, ಆದರೆ ಇಳಿದ ಕಡೆಗಳು ಅದನ್ನು ಮೀರಿದ್ದವು. ಜಾಗ ಹುಡುಕಲು ಹಿಡಿಯುತ್ತಿದ್ದ ಸಮಯ ಪ್ರಯೋಗದ ಬಡಾವಣೆಗಳಲ್ಲಿ ಶೇಕಡಾ 43ರಷ್ಟು ತಗ್ಗಿತು. ಹೋಲಿಕೆಗೆಂದು ಇಟ್ಟುಕೊಂಡಿದ್ದ, ಪ್ರಯೋಗ ನಡೆಸದ ಬಡಾವಣೆಗಳಲ್ಲೂ ಶೇಕಡಾ 13ರಷ್ಟು ತಗ್ಗಿತ್ತು. ಈ ಎರಡನೆಯ ಅಂಕಿಯನ್ನು ಮರೆಯಬೇಡಿ. ಪ್ರಯೋಗಾಲಯದಲ್ಲಿ 'ಕಂಟ್ರೋಲ್' ಇಲ್ಲದ ಪ್ರಯೋಗವನ್ನು ನಿಮ್ಮ ಉಪನ್ಯಾಸಕರು ಒಪ್ಪುವುದಿಲ್ಲ, ಅಲ್ಲವೇ? ಊರಿನ ಮೇಲೆ ಮಾಡುವ ಪ್ರಯೋಗಕ್ಕೂ ಅದೇ ಮಾತು ಅನ್ವಯಿಸುತ್ತದೆ. 43ರ ಪೂರ್ತಿ ಶ್ರೇಯಸ್ಸು ದರ ಪದ್ಧತಿಗೆ ಸಲ್ಲದು.

ರಸ್ತೆಯೊಳಗಿನ ಸಂವೇದಕಗಳ ಬ್ಯಾಟರಿಗಳು ಮುಗಿಯುತ್ತ ಬಂದುದರಿಂದ 2013ರ ಕೊನೆಗೆ ಅವನ್ನು ಕೈಬಿಟ್ಟರು. ಮೀಟರಿಗೆ ಬೀಳುವ ಹಣದ ಲೆಕ್ಕದಿಂದಲೇ ಎಷ್ಟು ತುಂಬಿದೆ ಎಂದು ಅಂದಾಜು ಮಾಡುವುದನ್ನು ಅಷ್ಟರಲ್ಲಿ ಕಲಿತಿದ್ದರು. 2018ರಿಂದ ಈ ಪದ್ಧತಿ ನಗರದ ಎಲ್ಲ ಮೀಟರುಗಳಿಗೂ ಹಬ್ಬಿತು. ದುಬಾರಿ ಯಂತ್ರ ಹೋದರೂ ನಿಯಮ ಉಳಿಯಿತು.

ಹಾಗಾದರೆ ಎಲ್ಲವನ್ನೂ ಒಂದೇ ಕೈಗೆ ಕೊಟ್ಟರೆ ಆಯಿತಲ್ಲ ಎನ್ನುವಿರಾ? ಆ ಕೈ ಯಾರದು ಎಂಬುದೂ ಮುಖ್ಯ. ಷಿಕಾಗೊ ನಗರದ ಕಥೆ ಕೇಳಿ. 2008ರ ಡಿಸೆಂಬರಿನಲ್ಲಿ ಆ ನಗರ ತನ್ನ ಸುಮಾರು 36,000 ಮೀಟರುಗಳನ್ನು ಒಂದೇ ಖಾಸಗಿ ಕಂಪನಿಗೆ ಒಪ್ಪಿಸಿತು. ಅವಧಿ 75 ವರ್ಷ. ಬಂದ ಹಣ ಸುಮಾರು 115 ಕೋಟಿ ಡಾಲರು. ಒಪ್ಪಂದ ಪ್ರಕಟವಾದ ಕೆಲವೇ ದಿನಗಳಲ್ಲಿ ನಗರ ಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷ ನಗರದ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ಹಾಕಿ, ಅದರ ನಿಜವಾದ ಬೆಲೆ ಇನ್ನೂ 97 ಕೋಟಿ ಡಾಲರಿನಷ್ಟು ಹೆಚ್ಚಿತ್ತು ಎಂದರು. ಬಡಾವಣೆಗಳಲ್ಲಿ ಗಂಟೆಗೆ 25 ಸೆಂಟು ಇದ್ದ ದರ 2013ರ ಹೊತ್ತಿಗೆ 2 ಡಾಲರಾಯಿತು. ಬಂದ ಹಣದ ಹೆಚ್ಚಿನ ಭಾಗ ಕೆಲವೇ ವರ್ಷಗಳಲ್ಲಿ ಖರ್ಚಾಗಿಹೋಯಿತು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಸ್ಸಿಗೆ ಪ್ರತ್ಯೇಕ ಸಾಲು ಮಾಡಲೆಂದು ಅಥವಾ ಸೈಕಲ್ ದಾರಿ ಮಾಡಲೆಂದು ನಗರ ಕೆಲವು ಮೀಟರು ಜಾಗಗಳನ್ನು ತೆಗೆದರೆ ಕಂಪನಿಗೆ ಆದಾಯ ತಪ್ಪುತ್ತದೆ. ಅದನ್ನು ತುಂಬಿಕೊಡುವ ಹೊಣೆ ನಗರದ್ದೇ. ತನ್ನ ಬೀದಿಯನ್ನು ತನಗೆ ಬೇಕಾದಂತೆ ಬಳಸಲು ಊರು ಬೇರೆಯವರಿಗೆ ಹಣ ತೆರಬೇಕು! ನನ್ನ ಅಭಿಪ್ರಾಯದಲ್ಲಿ ದರ ಏರಿಕೆಗಿಂತ ಇದೇ ಹೆಚ್ಚು ದುಬಾರಿ. ಸಾನ್ ಫ್ರಾನ್ಸಿಸ್ಕೊದಲ್ಲಿ ಆಡಳಿತ ಕೂಡಿದಾಗ ನಗರದ ಕೈ ಬಲವಾಯಿತು. ಷಿಕಾಗೊದಲ್ಲಿ ಕೂಡಿದಾಗ ಕೈ ಕಟ್ಟಿಹೋಯಿತು.

ಬೆಂಗಳೂರಿಗೆ ಬರೋಣ. ಇಲ್ಲಿ ರಸ್ತೆಬದಿ ನಗರಾಡಳಿತದ್ದು. ಶಾಂತಿನಗರದಂಥ ಬಸ್ ನಿಲ್ದಾಣಗಳ ನಿಲುಗಡೆ ಜಾಗ ಬಿಎಂಟಿಸಿಯದು, ಮೆಟ್ರೊ ನಿಲ್ದಾಣಗಳದು ಮೆಟ್ರೊ ನಿಗಮದ್ದು. ತಪ್ಪಾಗಿ ನಿಲ್ಲಿಸಿದರೆ ದಂಡ ಹಾಕುವವರು ಸಂಚಾರಿ ಪೊಲೀಸರು. ಫ್ರೀಡಂ ಪಾರ್ಕ್ ಬಳಿ 2024ರಲ್ಲಿ ಬಹುಮಹಡಿ ನಿಲುಗಡೆ ಕಟ್ಟಡ ತೆರೆಯಿತು. ಅಂಥ ಕಟ್ಟಡ ತುಂಬಬೇಕಾದರೆ ಸುತ್ತಲಿನ ಬೀದಿಗಳ ದರವೂ ದಂಡವೂ ಅದಕ್ಕೆ ಹೊಂದಿಕೊಳ್ಳಬೇಕು. ನಗರ ಭೂ ಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ 'ಪಾರ್ಕಿಂಗ್ ನೀತಿ 2.0' ಬೀದಿಬದಿಯ ನಿಲುಗಡೆಗೆ ಹಣ ಪಡೆಯುವ ಮಾತನ್ನೂ, ನಿವಾಸಿಗಳಿಗೆ ಪರವಾನಗಿ ಕೊಡುವ ಮಾತನ್ನೂ ಆಡಿತು. ಸಾರಿಗೆ ಸಂಸ್ಥೆಗಳ ನಡುವೆ ಹೊಂದಾಣಿಕೆ ತರಲೆಂದು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯಿದೆ 2022ರಲ್ಲಿ ಬಂತು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದವು. ಒಂದಿದ್ದದ್ದು ಐದಾಗಿರುವಾಗ ನಿಲುಗಡೆಯ ದರವನ್ನು ಐವರೂ ಬೇರೆ ಬೇರೆಯಾಗಿ ನಿಗದಿ ಮಾಡಬೇಕೇ, ಒಂದೆಡೆ ಕೂತು ಮಾಡಬೇಕೇ ಎಂಬ ಪ್ರಶ್ನೆ ಈಗ ಇನ್ನಷ್ಟು ಮುಖ್ಯ.

ಸಾನ್ ಫ್ರಾನ್ಸಿಸ್ಕೊದ ಸೂತ್ರವನ್ನು ಹಾಗೆಯೇ ತಂದು ಇಲ್ಲಿ ಹಚ್ಚಲಾಗದು. ನಮ್ಮಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು. ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಸ್ಕೂಟರುಗಳು ನಿಲ್ಲುತ್ತವೆ. ಕಾರು ನಿಂತ ಜಾಗದಲ್ಲೇ ಹೂವಿನವರು, ತರಕಾರಿ ಗಾಡಿಯವರು ಹೊಟ್ಟೆ ಹೊರೆಯುತ್ತಾರೆ. ಇವರ ಪಾಲನ್ನು ಯಾವ ಸಂವೇದಕವೂ ಅಳೆಯುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸವೂ ದರ ನಿಗದಿ ಮಾಡುವವರದೇ ಆಗಬೇಕು.

ನಿಮ್ಮ ಊರು ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಒಂದು ಭಾನುವಾರ ನೀವೇ ಅಳೆದು ನೋಡಬಹುದು. ಪೇಟೆಯ ಒಂದು ಬೀದಿಯನ್ನು ಆರಿಸಿಕೊಳ್ಳಿ. ಒಂದು ಬದಿಯಲ್ಲಿ ಎಷ್ಟು ವಾಹನಗಳಿಗೆ ಜಾಗವಿದೆ ಎಂದು ಎಣಿಸಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನಡೆದುಹೋಗಿ, ನಿಂತಿರುವ ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಯಾವ ವಾಹನ ಎಷ್ಟು ಹೊತ್ತು ನಿಂತಿತು, ಯಾವ ಹೊತ್ತಿನಲ್ಲಿ ಶೇಕಡಾ ಎಷ್ಟು ತುಂಬಿತ್ತು ಎಂಬುದು ಆ ಪಟ್ಟಿಯಿಂದಲೇ ಹೊರಬೀಳುತ್ತದೆ. ಇಬ್ಬರು ಗೆಳೆಯರು ಜೊತೆಗಿದ್ದರೆ ಅವರನ್ನು ಹತ್ತಿರದ ನಿಲುಗಡೆ ಕಟ್ಟಡಕ್ಕೋ ಬಸ್ ನಿಲ್ದಾಣದ ನಿಲುಗಡೆ ಜಾಗಕ್ಕೋ ಕಳುಹಿಸಿ, ಅದೇ ಹೊತ್ತಿಗೆ ಅಲ್ಲಿಯೂ ಎಣಿಸಲು ಹೇಳಿ. ಎರಡು ಪಟ್ಟಿಗಳನ್ನೂ ಒಂದೇ ಗ್ರಾಫಿನ ಮೇಲೆ ಬಿಡಿಸಿ.